ಯುಡೆವ್ ವಿಮರ್ಶೆ: ಸಾಧನ ‘ಬಂತು’ ಮತ್ತು ‘ಸಿದ್ಧವಾಯ್ತು’, ಈ ಎರಡರ ನಡುವೆ

ಲಿನಕ್ಸ್‌ನಲ್ಲಿ ಹೊಸ ಹಾರ್ಡ್‌ವೇರ್ ಚುಚ್ಚಿದ್ದನ್ನು ಪ್ರೋಗ್ರಾಂ ತಾನಾಗಿ ಗುರುತಿಸಬೇಕು ಅಂದರೆ, ಯಾವ ದಾರಿ ಹಿಡಿದರೂ ಕೊನೆಗೆ ಬಂದು ನಿಲ್ಲುವುದು ಯುಡೆವ್ ಮುಂದೆ; ಸಾಧನಗಳು ಬಂದುಹೋಗುವುದನ್ನು ನಿಭಾಯಿಸುವ ವ್ಯವಸ್ಥೆ ಅದು. 2003ರಲ್ಲಿ ಡೆವ್‌ಎಫ್‌ಎಸ್ ಎಂಬ ಹಳೆಯ ವ್ಯವಸ್ಥೆಗೆ ಬದಲಿಯಾಗಿ ಬಂದದ್ದು, 2012ರಲ್ಲಿ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಏಳಿಸಿ ನೋಡಿಕೊಳ್ಳುವ ತಂತ್ರಾಂಶ) ಒಳಗೆ ಸೇರಿತು. ಇದರಲ್ಲಿ ಮೂರು ಭಾಗ: ರೂಲ್ಸ್ (ಯಾವ ಸಾಧನಕ್ಕೆ ಏನು ಮಾಡಬೇಕೆಂಬ ನಿಯಮಗಳು) ಓದಿ ಹಿನ್ನೆಲೆಯಲ್ಲಿ ಕೆಲಸ ಮಾಡುವ ಡೀಮನ್, ನಮ್ಮ ಕೋಡ್‌ನಿಂದ ಕರೆಯಲು ಲಿಬ್‌ಯುಡೆವ್, ಕಮಾಂಡ್ ಸಾಲಿನಲ್ಲಿ ಬಳಸಲು ಯುಡೆವ್‌ಎಡಿಎಂ. ಇಲ್ಲಿ ಮೂರನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ: ಟೈಮಿಂಗ್ ರೇಸ್‌ಗಳನ್ನು, ಅಂದರೆ ಯಾವುದು ಮೊದಲು ಆಗುತ್ತದೆ ಎಂಬುದರ ಮೇಲೆ ಫಲಿತಾಂಶ ಬದಲಾಗುವ ತೊಂದರೆಗಳನ್ನು, ನಿಭಾಯಿಸಲು ಇದು ಎಷ್ಟು ನೆರವಾಗುತ್ತದೆ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬೇಕಾದ ಸಾಮಗ್ರಿಯೆಲ್ಲ ಇದರಲ್ಲಿ ಇದೆ, ಕೊಡುವ ಮಾಹಿತಿಯೂ ನಂಬಬಹುದಾದದ್ದೇ. ಆದರೆ ಹೊಸಬರ ಕೈಗೆ ಮೊದಲು ಸಿಗುವ ದಾರಿ ಹೆಚ್ಚುಕಡಿಮೆ ಯಾವಾಗಲೂ ತಪ್ಪು ದಾರಿ. ಸರಿಯಾದ ದಾರಿ ಮ್ಯಾನುವಲ್ ಪುಟಗಳ ಮೂಲೆಯಲ್ಲಿ ಒಂದೊಂದು ವಾಕ್ಯವಾಗಿ ಹರಡಿಕೊಂಡಿದೆ.

ಸಾಧನ ಚುಚ್ಚಿದಾಗ ಏನೇನು ಆಗುತ್ತದೆ ಅಂತ ಮೊದಲು ನೋಡೋಣ. ಯುಎಸ್‌ಬಿ ಹಬ್ ಡ್ರೈವರ್ ಪೋರ್ಟ್‌ನ ಸಂಪರ್ಕ ಕುಣಿಯುವುದು ನಿಲ್ಲಲಿ ಅಂತ ಕಾಯುತ್ತದೆ. 25 ಮಿಲಿಸೆಕೆಂಡಿಗೊಮ್ಮೆ ನೋಡಿ, ಸತತ 100 ಮಿಲಿಸೆಕೆಂಡ್ ಸ್ಥಿರವಾಗಿದ್ದರೆ ಮುಂದೆ ಹೋಗುತ್ತದೆ. 2 ಸೆಕೆಂಡ್ ಕಳೆದರೂ ಸ್ಥಿರವಾಗದಿದ್ದರೆ ಕೈಬಿಡುತ್ತದೆ. ಆಮೇಲೆ ರೀಸೆಟ್, ವಿಳಾಸ, ಡಿಸ್ಕ್ರಿಪ್ಟರ್ (ಸಾಧನ ತನ್ನ ಬಗ್ಗೆ ಕೊಡುವ ವಿವರ) ಓದುವುದು, ಡ್ರೈವರ್ ಪ್ರೋಬ್ (ಡ್ರೈವರ್ ಸಾಧನವನ್ನು ಪರಿಶೀಲಿಸಿ ವಹಿಸಿಕೊಳ್ಳುವುದು). ಕರ್ನಲ್ ಸಾಧನವನ್ನು ನೋಂದಾಯಿಸಿದಾಗ ಡೆವ್‌ಟಿಎಂಪಿಎಫ್‌ಎಸ್ ಎಂಬ ಕರ್ನಲ್ ಭಾಗ ಡೆವ್ ಫೋಲ್ಡರಿನಲ್ಲಿ ನೋಡ್ (ಸಾಧನವನ್ನು ತೆರೆಯಲು ಬಳಸುವ ಫೈಲ್) ಸೃಷ್ಟಿಸುತ್ತದೆ, ಜೊತೆಗೆ ಒಂದು ಯುಇವೆಂಟ್ (ಕರ್ನಲ್‌ನ ಘಟನೆ ಸಂದೇಶ) ನೆಟ್‌ಲಿಂಕ್ ಸಾಕೆಟ್ (ಕರ್ನಲ್‌ನಿಂದ ಪ್ರೋಗ್ರಾಂಗಳಿಗೆ ಸಂದೇಶ ಬರುವ ದಾರಿ) ಮೇಲೆ ಹೊರಡುತ್ತದೆ. ಈ ಹೊತ್ತಿಗೆ ನೋಡ್ ಇದೆ, ಆದರೆ ಅದರ ಮಾಲೀಕ ರೂಟ್, ಅನುಮತಿ ಸಾಮಾನ್ಯವಾಗಿ 0600. ಯುಡೆವ್ ಡೀಮನ್ ಆ ಯುಇವೆಂಟ್ ಎತ್ತಿಕೊಂಡು ರೂಲ್ಸ್ ಓಡಿಸಿ, ಗ್ರೂಪ್ ಮತ್ತು ಮೋಡ್ ಬದಲಿಸಿ, ಸಿಮ್‌ಲಿಂಕ್ (ನೋಡ್‌ಗೆ ಇನ್ನೊಂದು ಹೆಸರು) ಹಾಕಿ, ತನ್ನ ಡೇಟಾಬೇಸಿನಲ್ಲಿ ಬರೆದುಕೊಂಡು, ಕೊನೆಗೆ ಅದೇ ಘಟನೆಯನ್ನು ಹೆಚ್ಚಿನ ವಿವರ ಸೇರಿಸಿ ಮತ್ತೊಮ್ಮೆ ಪ್ರಸಾರ ಮಾಡುತ್ತದೆ.

ಅಂದರೆ ‘ಬಂತು’ ಅನ್ನುವ ಕ್ಷಣ ಒಂದಲ್ಲ, ಮೂರು: ನೋಡ್ ಕಾಣಿಸಿದ್ದು, ಕರ್ನಲ್ ಘಟನೆ ಬಂದದ್ದು, ಯುಡೆವ್ ಕೆಲಸ ಮುಗಿಸಿದ್ದು. ಡೆವ್ ಫೋಲ್ಡರಿನ ಮೇಲೆ ಐನೋಟಿಫೈ (ಫೈಲ್ ಬದಲಾವಣೆ ತಿಳಿಸುವ ಸೌಲಭ್ಯ) ಕೂರಿಸಿದವರು ಮೊದಲನೆಯದನ್ನು ಹಿಡಿಯುತ್ತಾರೆ, ತಕ್ಷಣ ಓಪನ್ ಮಾಡುತ್ತಾರೆ, ‘ಪರ್ಮಿಷನ್ ಡಿನೈಡ್’ ಬರುತ್ತದೆ. ಮತ್ತೆ ಕೈಯಲ್ಲಿ ಓಡಿಸಿ ನೋಡಿದರೆ ಎಲ್ಲ ಸರಿ. ಆಗ ಎರಡು ಸೆಕೆಂಡಿನ ಸ್ಲೀಪ್ ಒಂದನ್ನು ತುರುಕುತ್ತಾರೆ. ಬರೆದವರ ಲ್ಯಾಪ್‌ಟಾಪಿನಲ್ಲಿ ಅದು ನಡೆಯುತ್ತದೆ. ಬೂಟ್ ಸಮಯದಲ್ಲಿ ನೂರಾರು ಘಟನೆಗಳು ಸಾಲುಗಟ್ಟಿರುವಾಗ, ನಿಧಾನದ ಎಆರ್‌ಎಂ ಬೋರ್ಡಿನಲ್ಲಿ, ಎರಡು ಸೆಕೆಂಡ್ ಸಾಲುವುದಿಲ್ಲ. ಉಳಿದೆಡೆಯೆಲ್ಲ ಅದು ಸುಮ್ಮನೆ ವ್ಯರ್ಥ.

ಲಿಬ್‌ಯುಡೆವ್ ಇಲ್ಲಿ ನಿಜಕ್ಕೂ ಒಳ್ಳೆಯ ಪರಿಹಾರ ಕೊಡುತ್ತದೆ. ಮಾನಿಟರ್ (ಘಟನೆಗಳನ್ನು ಕೇಳುವ ಕಿವಿ) ತೆರೆಯುವಾಗ ಒಂದು ಹೆಸರು ಕೊಡಬೇಕು: ‘ಕರ್ನಲ್’ ಅಥವಾ ‘ಯುಡೆವ್’. ‘ಕರ್ನಲ್’ ಅಂದರೆ ಹಸಿ ಘಟನೆ, ಅನುಮತಿ ಇನ್ನೂ ಸರಿಯಾಗಿರದ ಹೊತ್ತು. ‘ಯುಡೆವ್’ ಅಂದರೆ ರೂಲ್ಸ್ ಮುಗಿದ ಮೇಲಿನ ಘಟನೆ. ಸಾಮಾನ್ಯ ಪ್ರೋಗ್ರಾಮಿಗೆ ಎರಡನೆಯದೇ ಬೇಕು. ‘ಕರ್ನಲ್’ ಬೇಗ ಬರುತ್ತದೆ ಅನ್ನುವ ಕಾರಣಕ್ಕೆ ಅದನ್ನು ಆರಿಸಿದರೆ, ಉಳಿಸಿದ ಮಿಲಿಸೆಕೆಂಡುಗಳನ್ನೆಲ್ಲ ರಿಟ್ರೈ ಲೂಪಿನಲ್ಲಿ ಕಳೆಯುತ್ತೀರಿ.

ಎರಡನೆಯ ರೇಸ್ ಇನ್ನೂ ಸೂಕ್ಷ್ಮದ್ದು. ಪ್ರೋಗ್ರಾಂ ಶುರುವಾಗುವ ಮೊದಲೇ ಚುಚ್ಚಿಟ್ಟ ಸಾಧನಗಳೂ ಬೇಕಲ್ಲ? ಅದಕ್ಕೆ, ಈಗಿರುವ ಸಾಧನಗಳ ಪಟ್ಟಿ ಕೊಡುವ ಎನ್ಯುಮರೇಟ್ ಇದೆ. ಬಹುತೇಕ ಮಾದರಿ ಕೋಡ್‌ಗಳು ಮೊದಲು ಪಟ್ಟಿ ಮಾಡಿ ಆಮೇಲೆ ಮಾನಿಟರ್ ತೆರೆಯುತ್ತವೆ. ಈ ಎರಡರ ನಡುವಿನ ಕಿಂಡಿಯಲ್ಲಿ ಬಂದ ಸಾಧನ ಪಟ್ಟಿಯಲ್ಲೂ ಇರುವುದಿಲ್ಲ, ಮಾನಿಟರಿಗೂ ಸಿಗುವುದಿಲ್ಲ. ಕಿತ್ತು ಚುಚ್ಚುವ ತನಕ ಅದು ನಿಮ್ಮ ಪಾಲಿಗೆ ಇಲ್ಲವೇ ಇಲ್ಲ. ಆದ್ದರಿಂದ ಕ್ರಮ ಉಲ್ಟಾ ಆಗಬೇಕು. ಮಾನಿಟರ್ ತೆರೆದು, ಸಬ್‌ಸಿಸ್ಟಮ್ (ಸಾಧನದ ವರ್ಗ) ಫಿಲ್ಟರ್ ಹಾಕಿ, ‘ಎನೇಬಲ್ ರಿಸೀವಿಂಗ್’ ಕರೆದ ಮೇಲೆಯೇ ಎನ್ಯುಮರೇಟ್. ಫಿಲ್ಟರ್ ಕೂಡ ‘ಎನೇಬಲ್’ಗಿಂತ ಮುಂಚೆಯೇ ಇರಬೇಕು, ಇಲ್ಲವಾದರೆ ನಡುವೆ ಬಂದ ಬೇಡದ ಸಂದೇಶಗಳೂ ಸಾಕೆಟ್ಟಿನಲ್ಲಿ ಕೂತಿರುತ್ತವೆ.

ಹೀಗೆ ಮಾಡಿದಾಗ ಒಂದೇ ಸಾಧನ ಎರಡು ಸಲ ಕಾಣಬಹುದು: ಪಟ್ಟಿಯಲ್ಲೊಮ್ಮೆ, ಘಟನೆಯಾಗಿ ಇನ್ನೊಮ್ಮೆ. ಸಿಸ್‌ಪಾತ್ (ಕರ್ನಲ್ ಆ ಸಾಧನಕ್ಕೆ ಕೊಟ್ಟ ವಿಳಾಸ) ಅನ್ನು ಕೀಲಿಯಾಗಿಟ್ಟುಕೊಂಡು ಒಂದು ಟೇಬಲ್ ಇಡಿ. ನಡುವೆ ‘ರಿಮೂವ್’ ಬರದೆ ಮತ್ತೊಂದು ‘ಆಡ್’ ಬಂದರೆ ಅದು ನಕಲು, ಬಿಟ್ಟುಬಿಡಿ. ಗೊತ್ತಿಲ್ಲದ ಸಾಧನದ ‘ರಿಮೂವ್’ ಬಂದರೂ ಬಿಟ್ಟುಬಿಡಿ. ಪಟ್ಟಿಯಲ್ಲಿ ಇನ್ನೂ ಅರೆಬೆಂದ ಸಾಧನಗಳು ಬರಬಾರದು ಅಂದರೆ ಎನ್ಯುಮರೇಟ್‌ಗೆ ‘ಮ್ಯಾಚ್ ಈಸ್ ಇನಿಷಿಯಲೈಸ್ಡ್’ ಸೇರಿಸಿ. ಇದೊಂದು ಕರೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಕಾರಣ ಹೀಗಿದೆ: ಡೀಮನ್ ಡೇಟಾಬೇಸ್ ಬರೆದ ನಂತರವೇ ಪ್ರಸಾರ ಮಾಡುತ್ತದೆ. ಪಟ್ಟಿ ಮಾಡುವಾಗ ಡೇಟಾಬೇಸಿನಲ್ಲಿ ಬರಹ ಇದ್ದರೆ ಸಾಧನ ಪಟ್ಟಿಯಲ್ಲೇ ಸಿಕ್ಕಿತು. ಇಲ್ಲದಿದ್ದರೆ ಪ್ರಸಾರ ಇನ್ನೂ ಆಗಬೇಕಷ್ಟೆ, ನಿಮ್ಮ ಮಾನಿಟರ್ ಆಗಲೇ ತೆರೆದಿದೆ. ತಪ್ಪಿಸಿಕೊಳ್ಳಲು ಮೂರನೆಯ ದಾರಿಯಿಲ್ಲ. ಸ್ಲೀಪ್ ಇಲ್ಲ, ರಿಟ್ರೈ ಇಲ್ಲ.

ಬಫರ್ ವಿಷಯದಲ್ಲಿ ಮಾತ್ರ ಲಿಬ್‌ಯುಡೆವ್ ನಿರಾಸೆ ಮಾಡುತ್ತದೆ. ನೆಟ್‌ಲಿಂಕ್ ಸಾಕೆಟ್ ತುಂಬಿದರೆ ಕರ್ನಲ್ ಯಾರಿಗೂ ಕಾಯುವುದಿಲ್ಲ, ಸಂದೇಶ ಬಿಸಾಡುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಡಿಫಾಲ್ಟ್ ರಿಸೀವ್ ಬಫರ್ 212992 ಬೈಟ್. ಸಾಕಾಗುತ್ತದೆ ಅನ್ನಿಸಬಹುದು, ಆದರೆ ಹತ್ತು ಸಾಧನ ತುಂಬಿದ ಹಬ್ ಒಂದನ್ನು ಚುಚ್ಚಿದರೆ ಪ್ರತಿ ಸಾಧನಕ್ಕೂ, ಅದರ ಪ್ರತಿ ಇಂಟರ್ಫೇಸಿಗೂ, ಅದರ ಕೆಳಗಿನ ಟಿಟಿವೈಗೋ ಸೌಂಡಿಗೋ ಬೇರೆ ಬೇರೆ ಘಟನೆ. ಅಷ್ಟರಲ್ಲಿ ನಿಮ್ಮ ಹ್ಯಾಂಡ್ಲರ್ ಮೊದಲ ಸಾಧನದ ಫರ್ಮ್‌ವೇರ್ ಆವೃತ್ತಿ ಕೇಳುತ್ತಾ ಕೂತಿದ್ದರೆ ಉಳಿದವು ಉಕ್ಕಿ ಹೋಗುತ್ತವೆ. ‘ರಿಸೀವ್ ಡಿವೈಸ್’ ಕರೆ ಆಗ ನಲ್ ಕೊಡುತ್ತದೆ, ಎರರ್‌ನೋದಲ್ಲಿ ಈನೋಬಫ್ಸ್ (ಬಫರಿನಲ್ಲಿ ಜಾಗವಿಲ್ಲ ಎಂಬ ದೋಷ) ಇರುತ್ತದೆ. ತೊಂದರೆ ಏನೆಂದರೆ, ಫಿಲ್ಟರಿಗೆ ಹೊಂದದ ಸಂದೇಶ ಬಂದಾಗಲೂ ನಲ್ಲೇ ಬರುತ್ತದೆ. ಹೀಗಾಗಿ ಎಲ್ಲರೂ ‘ನಲ್ ಆದರೆ ಕಂಟಿನ್ಯೂ’ ಅಂತ ಬರೆದು ಮುಂದೆ ಹೋಗುತ್ತಾರೆ, ನಷ್ಟವಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ಸರಿಯಾದ ವಿಧಾನ: ಸಾಕೆಟ್ ಓದುವ ಥ್ರೆಡ್ ಓದಿ ಕ್ಯೂಗೆ ಹಾಕುವುದನ್ನು ಬಿಟ್ಟು ಬೇರೇನೂ ಮಾಡಬಾರದು, ಮತ್ತು ಈನೋಬಫ್ಸ್ ಬಂದರೆ ಮತ್ತೆ ಪೂರ್ತಿ ಎನ್ಯುಮರೇಟ್ ಮಾಡಿ ಟೇಬಲ್ ಜೊತೆ ಹೋಲಿಸಬೇಕು. ಬಫರ್ ದೊಡ್ಡದು ಮಾಡುವ ಕರೆಯೂ ಇದೆ, ಡೀಮನ್ ತನಗಾಗಿ 128 ಮೆಬಿಬೈಟ್ ಕೇಳಿಕೊಳ್ಳುತ್ತದೆ. ಆದರೆ ಸಿಸ್ಟಮ್ ಮಿತಿ ಮೀರಿ ಹೆಚ್ಚಿಸಲು ನೆಟ್‌ವರ್ಕ್ ಆಡ್ಮಿನ್ ಅಧಿಕಾರ ಬೇಕು, ಮತ್ತು ಅದು ಸಮಸ್ಯೆಯನ್ನು ಮುಂದೂಡುತ್ತದೆಯೇ ಹೊರತು ತೆಗೆಯುವುದಿಲ್ಲ.

ಇನ್ನು ರೂಲ್ಸ್. ಇಲ್ಲಿ ಹಳೆಯ ಸಲಹೆಗಳೇ ಹೆಚ್ಚು ಕೆಡುಕು ಮಾಡಿವೆ. ‘ಆಕ್ಷನ್ ಆಡ್ ಆಗಿದ್ದರೆ’ ಎಂದು ಶುರುವಾಗುವ ರೂಲ್‌ಗಳು ಎಲ್ಲೆಡೆ ಸಿಗುತ್ತವೆ. ಕರ್ನಲ್ 4.14ರಿಂದ ‘ಬೈಂಡ್’ (ಡ್ರೈವರ್ ಸಾಧನಕ್ಕೆ ಜೋಡಿಕೊಂಡದ್ದು) ಮತ್ತು ‘ಅನ್‌ಬೈಂಡ್’ (ಬಿಟ್ಟದ್ದು) ಎಂಬ ಘಟನೆಗಳೂ ಬರುತ್ತವೆ. ಪ್ರತಿ ಘಟನೆಗೂ ಡೀಮನ್ ರೂಲ್ಸ್ ಮೊದಲಿನಿಂದ ಓಡಿಸಿ ಪ್ರಾಪರ್ಟಿಗಳನ್ನು (ಸಾಧನಕ್ಕೆ ಅಂಟಿಸಿದ ಹೆಸರು-ಮೌಲ್ಯ ಜೋಡಿಗಳನ್ನು) ಹೊಸದಾಗಿ ಬರೆಯುತ್ತದೆ. ‘ಆಡ್’ನಲ್ಲಿ ಮಾತ್ರ ಹಾಕಿದ ಪ್ರಾಪರ್ಟಿಯೂ ಸಿಮ್‌ಲಿಂಕೂ ‘ಬೈಂಡ್’ ಬಂದ ಕೂಡಲೇ ಮಾಯ. ಸಾಧನ ಒಂದು ಕ್ಷಣ ಕಂಡು ಮರೆಯಾಯಿತು ಅನ್ನುವ ದೂರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ‘ಆಕ್ಷನ್ ರಿಮೂವ್ ಅಲ್ಲದಿದ್ದರೆ’ ಎಂದು ಬರೆಯಿರಿ. ಟ್ಯಾಗ್‌ಗಳ (ಸಾಧನಕ್ಕೆ ಹಾಕುವ ಗುರುತುಚೀಟಿಗಳ) ಮಟ್ಟಿಗೆ ಸಿಸ್ಟಮ್‌ಡಿ 247 ಒಂದು ಬದಲಾವಣೆ ತಂದಿತು: ಒಮ್ಮೆ ಹಾಕಿದ ಟ್ಯಾಗ್ ಅಂಟಿಕೊಂಡಿರುತ್ತದೆ, ಈಗಿನ ಘಟನೆಯಲ್ಲಿ ಹಾಕಿದ್ದು ಯಾವುದು ಎಂದು ತಿಳಿಯಲು ‘ಕರೆಂಟ್ ಟ್ಯಾಗ್ಸ್’ ಬೇರೆ ಇದೆ. ಪ್ರಾಪರ್ಟಿಗಳಿಗೆ ಈ ಅನುಕೂಲ ಇಲ್ಲ.

ಸಿಸ್‌ಎಫ್‌ಎಸ್ ಅಟ್ರಿಬ್ಯೂಟ್ (ಕರ್ನಲ್ ಸಾಧನದ ವಿವರ ತೋರಿಸುವ ಫೈಲ್) ಮೇಲೆ ಹೊಂದಿಸುವ ರೂಲ್ ಕೆಲವೊಮ್ಮೆ ಹತ್ತುತ್ತದೆ, ಕೆಲವೊಮ್ಮೆ ಇಲ್ಲ. ‘ಯುಡೆವ್‌ಎಡಿಎಂ ಟೆಸ್ಟ್’ನಲ್ಲಿ ಮಾತ್ರ ಪ್ರತಿ ಸಲವೂ ಹತ್ತುತ್ತದೆ. ಈ ಲಕ್ಷಣ ಕಂಡರೆ ತಪ್ಪು ಯುಡೆವ್‌ನದ್ದಲ್ಲ, ಡ್ರೈವರಿನದ್ದು. ಡ್ರೈವರ್ ಮೊದಲು ಸಾಧನ ನೋಂದಾಯಿಸಿ, ಅಂದರೆ ಯುಇವೆಂಟ್ ಕಳಿಸಿ, ಆಮೇಲೆ ಅಟ್ರಿಬ್ಯೂಟ್ ಫೈಲ್ ಸೃಷ್ಟಿಸುತ್ತಿದೆ. ಡೀಮನ್ ಚುರುಕಾಗಿದ್ದಷ್ಟೂ ಫೈಲ್ ಸಿಗದಿರುವ ಸಾಧ್ಯತೆ ಹೆಚ್ಚು. ಡ್ರೈವರ್ ಕೋಡ್ ನಿಮ್ಮ ಕೈಲಿದ್ದರೆ ಅಟ್ರಿಬ್ಯೂಟ್‌ಗಳನ್ನು ಗ್ರೂಪ್ಸ್ ಪಾಯಿಂಟರಿನಲ್ಲಿ ನೋಂದಣಿಗೆ ಮುನ್ನವೇ ಇಡಿ. ಕರ್ನಲ್ ಅವನ್ನು ಸೃಷ್ಟಿಸಿದ ಮೇಲೆಯೇ ಘಟನೆ ಹೊರಡಿಸುತ್ತದೆ. ಕೈಲಿಲ್ಲದಿದ್ದರೆ ‘ಬೈಂಡ್’ ಘಟನೆಗೆ ಕಾಯಬಹುದು, ಅದು ಪ್ರೋಬ್ ಮುಗಿದ ಮೇಲೆ ಬರುವಂಥದ್ದು.

ಅನುಮತಿಯ ರೂಲ್ ಬರೆಯುವವರಿಗೆ ಒಂದು ಚಿಕ್ಕ ಎಚ್ಚರಿಕೆ. ಲಾಗಿನ್ ಆದ ಬಳಕೆದಾರನಿಗೆ ಅನುಮತಿ ಕೊಡಿಸುವ ‘ಯುಆಕ್ಸೆಸ್’ ಟ್ಯಾಗ್ ಹಾಕುವ ಫೈಲಿನ ಹೆಸರು 73ಕ್ಕಿಂತ ಸಣ್ಣ ಸಂಖ್ಯೆಯಿಂದ ಶುರುವಾಗಬೇಕು, ಏಕೆಂದರೆ ರೂಲ್ಸ್ ಫೈಲುಗಳು ಹೆಸರಿನ ಕ್ರಮದಲ್ಲಿ ಓಡುತ್ತವೆ. ಆ ಟ್ಯಾಗ್ ನೋಡಿ ಎಸಿಎಲ್ (ಬಳಕೆದಾರವಾರು ಅನುಮತಿ ಪಟ್ಟಿ) ಹಾಕುವ ಸಾಲು ಇರುವುದು 73ರ ಸೀಟ್-ಲೇಟ್ ಫೈಲಿನಲ್ಲಿ. ಅಭ್ಯಾಸಬಲದಿಂದ 99 ಎಂದು ಹೆಸರಿಟ್ಟರೆ ಟ್ಯಾಗ್ ಬೀಳುತ್ತದೆ, ಆದರೆ ಅಷ್ಟು ಹೊತ್ತಿಗೆ ನೋಡುವವರು ದಾಟಿ ಹೋಗಿರುತ್ತಾರೆ. ಇದು ರೇಸ್ ಅಲ್ಲ, ಆದರೆ ರೇಸ್ ಎಂದುಕೊಂಡು ಗಂಟೆಗಟ್ಟಲೆ ಹುಡುಕುವಂತೆ ಮಾಡುತ್ತದೆ.

ರೂಲ್‌ನಿಂದ ಪ್ರೋಗ್ರಾಂ ಓಡಿಸುವ ‘ರನ್’ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ: ಅದನ್ನು ಬಳಸಬೇಡಿ. ಸಾಧನ ಬಂದಾಗ ಸ್ಕ್ರಿಪ್ಟ್ ಓಡಿಸಲು ಅದೇ ಸಹಜ ಜಾಗದಂತೆ ಕಾಣುತ್ತದೆ, ನಿಜ. ಆದರೆ ಆ ಸ್ಕ್ರಿಪ್ಟ್ ಮುಗಿಯುವ ತನಕ ಆ ಸಾಧನದ ಘಟನೆ ಮುಗಿದಂತಲ್ಲ, ಪ್ರಸಾರವೂ ಆಗುವುದಿಲ್ಲ. ಅಂದರೆ ಸ್ಕ್ರಿಪ್ಟ್ ಒಳಗಿಂದ ‘ಯುಡೆವ್‌ಎಡಿಎಂ ಸೆಟಲ್’ (ಸಾಲಿನ ಘಟನೆಗಳು ಮುಗಿಯಲಿ ಎಂದು ಕಾಯುವ ಕಮಾಂಡ್) ಕರೆದರೆ ತನಗಾಗಿ ತಾನೇ ಕಾದಂತೆ. ಹಿನ್ನೆಲೆಗೆ ತಳ್ಳಿದ ಪ್ರೋಸೆಸ್‌ಗಳನ್ನು ಘಟನೆ ಮುಗಿದೊಡನೆ ಡೀಮನ್ ಕೊಲ್ಲುತ್ತದೆ. ಒಂದು ಘಟನೆಗೆ ಡಿಫಾಲ್ಟ್ ಮಿತಿ 180 ಸೆಕೆಂಡ್. ಡೀಮನ್ ಸುತ್ತ ಸ್ಯಾಂಡ್‌ಬಾಕ್ಸ್ (ನಿರ್ಬಂಧದ ಬೇಲಿ) ಇರುವುದರಿಂದ ಮೌಂಟ್ ಮಾಡುವುದೂ ನೆಟ್‌ವರ್ಕ್ ಮುಟ್ಟುವುದೂ ಆಗದು. ಬದಲಿಗೆ ‘ಸಿಸ್ಟಮ್‌ಡಿ’ ಟ್ಯಾಗ್ ಹಾಕಿ, ‘ಸಿಸ್ಟಮ್‌ಡಿ ವಾಂಟ್ಸ್’ ಪ್ರಾಪರ್ಟಿಯಲ್ಲಿ ನಿಮ್ಮ ಸರ್ವಿಸ್ ಹೆಸರು ಕೊಡಿ. ಡಿವೈಸ್ ಯೂನಿಟ್ (ಸಿಸ್ಟಮ್‌ಡಿ ಆ ಸಾಧನಕ್ಕಾಗಿ ಇಟ್ಟುಕೊಳ್ಳುವ ದಾಖಲೆ) ಸಕ್ರಿಯವಾದ ಮೇಲೆ ಸರ್ವಿಸ್ ಏಳುತ್ತದೆ. ಸರ್ವಿಸ್ ಫೈಲಿನಲ್ಲಿ ‘ಬೈಂಡ್ಸ್ ಟು’ ಮತ್ತು ‘ಆಫ್ಟರ್’ ಸಾಲುಗಳಲ್ಲಿ ಅದೇ ಡಿವೈಸ್ ಯೂನಿಟ್ ಹೆಸರಿಸಿದರೆ, ಸಾಧನ ಕಿತ್ತಾಗ ನಿಲ್ಲುವುದೂ ತಾನಾಗಿ ಆಗುತ್ತದೆ.

ಶೆಲ್ ಸ್ಕ್ರಿಪ್ಟ್ ಬರೆಯುವವರಿಗೆ ‘ಸೆಟಲ್’ ಮತ್ತು ‘ವೇಟ್’ ನಡುವಿನ ವ್ಯತ್ಯಾಸವೇ ಎಲ್ಲ. ‘ಸೆಟಲ್’ ನೋಡುವುದು ಒಂದನ್ನೇ: ಈಗ ಸಾಲಿನಲ್ಲಿರುವ ಘಟನೆಗಳು ಮುಗಿದವೇ? ಕಾಯುವ ಗರಿಷ್ಠ ಹೊತ್ತು 120 ಸೆಕೆಂಡ್. ಮದುವೆ ಊಟಕ್ಕೆ ಪಂಕ್ತಿಯಲ್ಲಿ ಕೂತವರು ಎದ್ದರೇ ಎಂದು ನೋಡಿ ಅಡುಗೆಮನೆ ಮುಚ್ಚಿದ ಹಾಗೆ. ಬಸ್ಸಿನಲ್ಲಿ ಇನ್ನೂ ಬರುತ್ತಿರುವವರ ಲೆಕ್ಕ ಅದಕ್ಕಿಲ್ಲ. ಯುಎಸ್‌ಬಿ ಹಬ್ ಇನ್ನೂ ಡಿಬೌನ್ಸ್ ಮಾಡುತ್ತಿದ್ದರೆ (ಸಂಪರ್ಕ ಸ್ಥಿರವಾಗಲು ಕಾಯುತ್ತಿದ್ದರೆ) ಕರ್ನಲ್ ಯಾವ ಘಟನೆಯನ್ನೂ ಕಳಿಸಿರುವುದಿಲ್ಲ, ಸಾಲು ಖಾಲಿ, ‘ಸೆಟಲ್’ ತಕ್ಷಣ ಯಶಸ್ಸು ಎಂದು ಮರಳುತ್ತದೆ. ಸಂಬಂಧವೇ ಇಲ್ಲದ ಇನ್ನೊಂದು ಸಾಧನ ಸಿಕ್ಕಿಹಾಕಿಕೊಂಡಿದ್ದರೆ ಸುಮ್ಮನೆ ಕಾಯಿಸುತ್ತದೆ. ಎರಡೂ ಕಡೆ ತಪ್ಪು. ಬೂಟ್‌ನಲ್ಲಿ ಇದನ್ನೇ ಮಾಡುವ ಸೆಟಲ್ ಸರ್ವಿಸ್ ಅನ್ನು ಬಳಸಬೇಡಿ ಎಂದು ಸಿಸ್ಟಮ್‌ಡಿಯವರೇ ಗುರುತು ಹಾಕಿದ್ದಾರೆ.

2022ರ ಸಿಸ್ಟಮ್‌ಡಿ 251ರಲ್ಲಿ ಬಂದ ‘ಯುಡೆವ್‌ಎಡಿಎಂ ವೇಟ್’ ಈ ಕೊರತೆಯನ್ನು ತುಂಬಿತು. ಯಾವ ಸಾಧನ ಬೇಕೋ ಅದರ ಪಾತ್ ಕೊಟ್ಟರೆ, ಅದು ಕಾಣಿಸುವ ತನಕ ಮಾತ್ರವಲ್ಲ, ಡೀಮನ್ ಅದನ್ನು ಮುಗಿಸುವ ತನಕ ಕಾಯುತ್ತದೆ. ‘ರಿಮೂವ್ಡ್’ ಆಯ್ಕೆ ಕೊಟ್ಟರೆ ಹೋಗುವ ತನಕ. ಟೈಮ್‌ಔಟ್ ಕೊಡದಿದ್ದರೆ ಎಂದೆಂದಿಗೂ ಕಾಯುತ್ತದೆ ಎಂಬುದು ನೆನಪಿರಲಿ; ಬೂಟ್ ಸ್ಕ್ರಿಪ್ಟಿನಲ್ಲಿ ಟೈಮ್‌ಔಟ್ 10 ಅಥವಾ 30 ಎಂದು ಕೊಡುವುದು ಕಡ್ಡಾಯ ಅಂದುಕೊಳ್ಳಿ. ಮೂರೂ ಭಾಗಗಳಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ತುಣುಕು ಇದೇ. 251ಕ್ಕಿಂತ ಹಳೆಯ ವ್ಯವಸ್ಥೆಗಳಲ್ಲಿ ಇದು ಇಲ್ಲ ಎನ್ನುವುದೊಂದೇ ಬೇಸರ.

ಪಾತ್ ಕೊಡುವಾಗ ಟಿಟಿವೈಯುಎಸ್‌ಬಿ0 (ಯುಎಸ್‌ಬಿ ಸೀರಿಯಲ್ ಪೋರ್ಟಿನ ನೋಡ್ ಹೆಸರು) ಎಂದು ಕೊಡಬೇಡಿ. ಆ ಸಂಖ್ಯೆ ಯಾರು ಮೊದಲು ಬಂದರು ಎಂಬುದರ ಮೇಲೆ ನಿಂತಿದೆ, ಅದೇ ಒಂದು ರೇಸ್. ಇನ್ನೊಂದು ಮೋಸವೂ ಇದೆ: ಪ್ರೋಗ್ರಾಂ ಹಳೆಯ ಫೈಲ್ ಡಿಸ್ಕ್ರಿಪ್ಟರ್ ಮುಚ್ಚದೆ ಇಟ್ಟುಕೊಂಡಿರುವಾಗ ಕೇಬಲ್ ಕಿತ್ತು ಮತ್ತೆ ಚುಚ್ಚಿದರೆ, 0 ಇನ್ನೂ ಬಿಡುಗಡೆಯಾಗಿಲ್ಲದ ಕಾರಣ ಅದೇ ಸಾಧನ ಟಿಟಿವೈಯುಎಸ್‌ಬಿ1 ಆಗಿ ಬರುತ್ತದೆ. ‘ರಿಮೂವ್’ ಬಂದೊಡನೆ ಅಥವಾ ಓದುವಾಗ ದೋಷ ಬಂದೊಡನೆ ಮುಚ್ಚಿಬಿಡಿ. ಸೀರಿಯಲ್ ಫೋಲ್ಡರಿನಲ್ಲಿರುವ, ಸೀರಿಯಲ್ ಸಂಖ್ಯೆ ಸೇರಿದ ಹೆಸರಿನ ಬೈ-ಐಡಿ ಸಿಮ್‌ಲಿಂಕ್ ಬಳಸುವುದು ಒಳ್ಳೆಯದು, ಆದರೆ ಯುಎಸ್‌ಬಿಯನ್ನು ಸೀರಿಯಲ್‌ಗೆ ಬದಲಿಸುವ ಚಿಪ್ ಯಾವುದೆಂದು ನೋಡಿ ಬಳಸಬೇಕು. ಎಫ್‌ಟಿಡಿಐ ಚಿಪ್‌ಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ಸೀರಿಯಲ್ ಸಂಖ್ಯೆ ಇರುತ್ತದೆ. ಸಿಪಿ2102 ಬೋರ್ಡುಗಳಲ್ಲಿ ಅನೇಕವು 0001 ಎಂಬ ಡಿಫಾಲ್ಟ್ ಹೊತ್ತೇ ಬರುತ್ತವೆ, ಸಿಎಚ್340ರಲ್ಲಿ ಸಾಮಾನ್ಯವಾಗಿ ಸೀರಿಯಲ್ ಇರುವುದೇ ಇಲ್ಲ. ಅಂಥವು ಎರಡಿದ್ದರೆ ಒಂದೇ ಸಿಮ್‌ಲಿಂಕಿಗಾಗಿ ಕಿತ್ತಾಡುತ್ತವೆ. ಆಗ ಪೋರ್ಟ್ ಆಧರಿಸಿದ ಬೈ-ಪಾತ್ ಒಂದೇ ಗತಿ.

ಸೀರಿಯಲ್ ಪೋರ್ಟ್ ಸಿದ್ಧವಾದ ಮೇಲೂ ‘ಡಿವೈಸ್ ಬ್ಯುಸಿ’ ಎಂದು ಬಂದರೆ, ಅಥವಾ ಮೈಕ್ರೋಕಂಟ್ರೋಲರಿಗೆ ಮೊದಲ ಕೆಲವು ಸೆಕೆಂಡ್ ಕಸದ ಅಕ್ಷರಗಳು ಬಂದರೆ, ಮೋಡೆಮ್‌ಮ್ಯಾನೇಜರ್ ಅದನ್ನು ಮೋಡೆಮ್ ಇರಬಹುದೆಂದು ಎಟಿ ಕಮಾಂಡ್ ಕಳಿಸಿ ಪರೀಕ್ಷಿಸುತ್ತಿರುವ ಸಾಧ್ಯತೆ ಇದೆ. ಅದೂ ಅದೇ ಯುಡೆವ್ ಪ್ರಸಾರವನ್ನೇ ಕೇಳುತ್ತಿರುತ್ತದೆ, ಓಟದಲ್ಲಿ ನಿಮಗಿಂತ ಮೊದಲು ತಲುಪುತ್ತದೆ. ‘ಐಡಿ ಎಂಎಂ ಡಿವೈಸ್ ಇಗ್ನೋರ್’ ಪ್ರಾಪರ್ಟಿಯನ್ನು 1 ಎಂದು ಆ ಸಾಧನದ ರೂಲ್‌ನಲ್ಲಿ ಇಟ್ಟರೆ ಮುಗಿಯಿತು.

ಡಿಸ್ಕ್‌ಗಳದ್ದು ಬೇರೆಯೇ ಲೋಕ. ಯುಎಸ್‌ಬಿ ಸ್ಟೋರೇಜ್ ಡ್ರೈವರ್ ಸಾಧನ ಬಂದ ಮೇಲೂ ಡಿಫಾಲ್ಟ್ ಆಗಿ 1 ಸೆಕೆಂಡ್ ಕಾದು ಸ್ಕ್ಯಾನ್ ಶುರು ಮಾಡುತ್ತದೆ, ಆದ್ದರಿಂದ ಯುಎಸ್‌ಬಿ ಸಾಧನದ ಘಟನೆ ನೋಡಿ ಬ್ಲಾಕ್ (ಡಿಸ್ಕ್) ನೋಡ್ ಹುಡುಕಬೇಡಿ, ಬ್ಲಾಕ್ ಸಬ್‌ಸಿಸ್ಟಮ್ಮಿನ ಘಟನೆಯನ್ನೇ ಕೇಳಿ. ಕಾರ್ಡ್ ರೀಡರಿಗೆ ಕಾರ್ಡ್ ತುರುಕಿದರೆ ಡಿಸ್ಕಿಗೆ ‘ಆಡ್’ ಬರುವುದಿಲ್ಲ, ‘ಚೇಂಜ್’ ಬರುತ್ತದೆ. ಅದೂ ಸಾಮಾನ್ಯವಾಗಿ 2000 ಮಿಲಿಸೆಕೆಂಡಿಗೊಮ್ಮೆ ನಡೆಯುವ ಪೋಲಿಂಗ್‌ನಿಂದ, ಹಾಗಾಗಿ ಎರಡು ಸೆಕೆಂಡಿನ ತಡ ದೋಷವಲ್ಲ. ಪಾರ್ಟಿಷನ್ ಬರೆದು ಮರುಕ್ಷಣ ಫಾರ್ಮ್ಯಾಟ್ ಮಾಡಲು ಹೋದಾಗ ‘ಬ್ಯುಸಿ’ ಎಂದೋ ನೋಡೇ ಇಲ್ಲ ಎಂದೋ ಬರುವುದು ಎಲ್ಲರೂ ಕಂಡದ್ದು. ಡೀಮನ್ ಬ್ಲಾಕ್ ಸಾಧನಗಳನ್ನು ಐನೋಟಿಫೈನಿಂದ ಕಾಯುತ್ತಿರುತ್ತದೆ, ಯಾರಾದರೂ ಬರೆದು ಮುಚ್ಚಿದರೆ ಮತ್ತೆ ಓದಲು ತೆರೆಯುತ್ತದೆ, ಅಲ್ಲೇ ಡಿಕ್ಕಿ. ಇದಕ್ಕೆ 251ರಲ್ಲೇ ಬಂದ ‘ಯುಡೆವ್‌ಎಡಿಎಂ ಲಾಕ್’ ಇದೆ: ಇಡೀ ಡಿಸ್ಕಿನ ಮೇಲೆ ಫ್ಲಾಕ್ (ಫೈಲ್ ಬೀಗ) ಹಿಡಿದು ನಿಮ್ಮ ಕಮಾಂಡ್ ಓಡಿಸುತ್ತದೆ, ಬಿಡುವ ತನಕ ಡೀಮನ್ ಆ ಡಿಸ್ಕಿನ ಕೆಲಸ ಮುಂದೂಡುತ್ತದೆ. ಲಾಕ್ ಪಾರ್ಟಿಷನ್ ಮೇಲಲ್ಲ, ಡಿಸ್ಕಿನ ಮೇಲೆ. ಬಿಟ್ಟ ನಂತರ ಹೊಸ ಪಾರ್ಟಿಷನ್ನಿಗೆ ‘ವೇಟ್’, ಆಮೇಲೆ ಫಾರ್ಮ್ಯಾಟ್. ಒಂದೇ ಹೆಸರಿನಲ್ಲಿ ಬೇರೆ ಡಿಸ್ಕ್ ಬಂದು ಕೂತಿದೆಯೇ ಎಂದು ತಿಳಿಯಲು ಕರ್ನಲ್ 5.15ರಿಂದ ಡಿಸ್ಕ್‌ಸೀಕ್ ಎಂಬ ಏರುಸಂಖ್ಯೆ ಇದೆ. ಓಪನ್ ಮಾಡಿದ ಮೇಲೆ ಅದನ್ನು ಘಟನೆಯಲ್ಲಿ ಬಂದದ್ದಕ್ಕೆ ಹೋಲಿಸಿ. ಅಳಿಸುವ ಕೆಲಸ ಮಾಡುವ ಪ್ರೋಗ್ರಾಮಿಗೆ ಇದು ಐಚ್ಛಿಕವಲ್ಲ.

ಬದಲಿಗಳ ಜೊತೆ ಹೋಲಿಸಿದರೆ? ಯುಎಸ್‌ಬಿ ಸಾಧನಗಳ ಜೊತೆ ಮಾತಾಡುವ ಲೈಬ್ರರಿ ಲಿಬ್‌ಯುಎಸ್‌ಬಿಯ ಹಾಟ್‌ಪ್ಲಗ್ ಕಾಲ್‌ಬ್ಯಾಕ್‌ನಲ್ಲಿ ‘ಎನ್ಯುಮರೇಟ್’ ಫ್ಲ್ಯಾಗ್ ಕೊಟ್ಟರೆ ಇರುವವೂ ಬರುವವೂ ಒಂದೇ ದಾರಿಯಲ್ಲಿ ಸಿಗುತ್ತವೆ; ಒಂದೇ ಸಾಧನ ಎರಡು ಸಲ ಬರಬಹುದು ಎಂದು ಅದರ ದಾಖಲೆ ನೇರವಾಗಿ ಹೇಳುತ್ತದೆ, ಆ ಪ್ರಾಮಾಣಿಕತೆ ಯುಡೆವ್ ಪುಟಗಳಿಗೂ ಬೇಕಿತ್ತು. ಅದನ್ನು ಯುಡೆವ್ ಇಲ್ಲದೆ ಕಂಪೈಲ್ ಮಾಡಿದ್ದರೆ ಮಾತ್ರ ಹಸಿ ನೆಟ್‌ಲಿಂಕ್ ಕೇಳುತ್ತದೆ, ಅನುಮತಿಯ ರೇಸ್ ವಾಪಸ್ ಬರುತ್ತದೆ. ಮ್ಯಾಕ್‌ಓಎಸ್‌ನ ಐಓಕಿಟ್ ವಿನ್ಯಾಸ ಇವೆಲ್ಲಕ್ಕಿಂತ ಚೊಕ್ಕ: ನೋಟಿಫಿಕೇಷನ್ ಕೇಳಿದಾಗಲೇ ಇರುವ ಸಾಧನಗಳ ಇಟರೇಟರ್ ಕೈಗೆ ಬರುತ್ತದೆ, ಅದನ್ನು ಪೂರ್ತಿ ಖಾಲಿ ಮಾಡಿದ ಮೇಲೆಯೇ ಮುಂದಿನ ಸೂಚನೆಗಳು ಶುರು. ಕ್ರಮ ತಪ್ಪಿಸಲು ಅವಕಾಶವೇ ಇಲ್ಲ.

ಕಂಟೇನರ್ (ಹೋಸ್ಟಿನಿಂದ ಬೇರ್ಪಡಿಸಿದ ಪರಿಸರ) ಒಳಗೆ ಲಿಬ್‌ಯುಡೆವ್ ನೆಚ್ಚಿಕೊಳ್ಳಬೇಡಿ. ಡೀಮನ್ ಇಲ್ಲದ ಕಡೆ ಮಾನಿಟರ್ ದೋಷವನ್ನೂ ಕೊಡುವುದಿಲ್ಲ, ಘಟನೆಯನ್ನೂ ಕೊಡುವುದಿಲ್ಲ, ಸುಮ್ಮನೆ ಕೂತಿರುತ್ತದೆ. ಹೊರಗಿನ ಹೋಸ್ಟಿನಲ್ಲಿ ಕೇಳಿ ಒಳಗೆ ತಿಳಿಸುವ ವ್ಯವಸ್ಥೆಯೇ ಬೇಕು.

ಬರೆದ ಕೋಡ್ ಸರಿಯೇ ಎಂದು ನೋಡಲು ಕೇಬಲ್ ಕಿತ್ತು ಚುಚ್ಚುತ್ತಾ ಕೂರಬೇಕಿಲ್ಲ. ‘ಯುಡೆವ್‌ಎಡಿಎಂ ಕಂಟ್ರೋಲ್’ಗೆ ‘ಸ್ಟಾಪ್ ಎಕ್ಸೆಕ್ ಕ್ಯೂ’ ಆಯ್ಕೆ ಕೊಟ್ಟರೆ ಡೀಮನ್ ಘಟನೆಗಳನ್ನು ಸಾಲಿಗೆ ಸೇರಿಸಿಕೊಳ್ಳುತ್ತದೆ, ಓಡಿಸುವುದಿಲ್ಲ. ಈಗ ಸಾಧನ ಚುಚ್ಚಿ: ನೋಡ್ ಇದೆ, ಅನುಮತಿ ಇಲ್ಲ, ಸಿಮ್‌ಲಿಂಕ್ ಇಲ್ಲ. ಮಿಲಿಸೆಕೆಂಡುಗಳ ಕಿಂಡಿ ನಿಮಗೆ ಬೇಕಾದಷ್ಟು ಹೊತ್ತು ತೆರೆದಿರುತ್ತದೆ. ನಿಮ್ಮ ಪ್ರೋಗ್ರಾಂ ಶುರು ಮಾಡಿ. ಅದು ದೋಷ ಕೊಡದೆ, ಅರೆಬೆಂದ ಸಾಧನವನ್ನು ಮುಟ್ಟದೆ ಕಾಯಬೇಕು. ‘ಸ್ಟಾರ್ಟ್ ಎಕ್ಸೆಕ್ ಕ್ಯೂ’ ಕೊಟ್ಟ ಮೇಲೆ ಸಾಧನ ಒಂದೇ ಒಂದು ಸಲ ಕಾಣಬೇಕು. ಪಕ್ಕದ ಟರ್ಮಿನಲ್ಲಿನಲ್ಲಿ ‘ಯುಡೆವ್‌ಎಡಿಎಂ ಮಾನಿಟರ್’ ಓಡುತ್ತಿದ್ದರೆ ಕರ್ನಲ್ ಸಾಲು ಮೊದಲು, ಯುಡೆವ್ ಸಾಲು ಆಮೇಲೆ, ಸಮಯದ ಮುದ್ರೆಯೊಂದಿಗೆ ಕಾಣುತ್ತದೆ. ಇದೇ ಪರೀಕ್ಷೆಯನ್ನು ಸಾಲು ನಿಂತಿರುವಾಗಲೇ ಸಾಧನವನ್ನು ಕಿತ್ತೂ ಮಾಡಿ. ಆಗ ಬರುವ ‘ಆಡ್’ ಘಟನೆ ಈಗಾಗಲೇ ಇಲ್ಲದ ಸಾಧನದ್ದು. ಓಪನ್ ವಿಫಲವಾದಾಗ ಪ್ರೋಗ್ರಾಂ ಬೀಳದೆ, ಹಿಂದೆಯೇ ಬರುವ ‘ರಿಮೂವ್’ ಓದಿ ಟೇಬಲಿನಿಂದ ಅಳಿಸಬೇಕು.